ಹೊಸ ಮೌಂಟನ್ ಬೈಕಿಗೆ ಮೊದಲು ಏನನ್ನು ಬದಲಿಸಬೇಕು? ಬೆಳಗಾವಿಯ ಒಂದು ಮಳೆಗಾಲದ ಅನುಭವ

ನನ್ನ ಹೊಸ ಮೌಂಟನ್ ಬೈಕಿಗೆ ಬಿಡಿಭಾಗ ಬದಲಿಸುವ ಕೆಲಸ ಕಳೆದ ವಾರವಷ್ಟೇ ಮುಗಿಯಿತು. ಸೈಕಲ್ ಕೊಂಡದ್ದು ಮೇ ತಿಂಗಳಲ್ಲಿ. ಈಗ ಗಣೇಶ ಹಬ್ಬ ಹತ್ತಿರ ಬಂದಿದೆ. ಈ ನಡುವೆ ಎಷ್ಟೊಂದು ಸಲಹೆ, ಎಷ್ಟೊಂದು ಕಾಯುವಿಕೆ, ಹೊಂದದೆ ಮರಳಿ ಹೋದ ಪಾರ್ಸೆಲ್ಲು, ಅಂದಾಜು ಮೀರಿದ ಖರ್ಚು! ಎಲ್ಲವೂ ಹಸಿಯಾಗಿ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ನಮ್ಮ ಊರಿನ ಕಡೆ ಇದೇ ದಾರಿಯಲ್ಲಿ ಹೊರಟವರಿಗೆ ಸ್ವಲ್ಪವಾದರೂ ಅಲೆದಾಟ ತಪ್ಪಲಿ.

ಮೊದಲು ಸೈಕಲ್ಲಿನ ವಿಷಯ. ಬೆಲೆ 38,000 ರೂಪಾಯಿ. 29 ಇಂಚಿನ ಚಕ್ರ, ಮುಂದೆ ಸ್ಪ್ರಿಂಗ್ ಇರುವ 100 ಮಿ.ಮೀ. ಸಸ್ಪೆನ್ಶನ್ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದು ಕುಲುಕು ತಡೆಯುವ ಕವಲು), ಮುಂದೆ ಮೂರು ಹಿಂದೆ ಎಂಟು ಗೇರು, ಕೇಬಲ್ಲಿನಿಂದ ಎಳೆಯುವ ಡಿಸ್ಕ್ ಬ್ರೇಕು. ಈ ಬೆಲೆಗೆ ಸಿಗುವ ಹೆಚ್ಚಿನ ಸೈಕಲ್ಲುಗಳು ಇದೇ ಜಾತಿಯವು. ಬಿಡಿಭಾಗಕ್ಕೆಂದು 15,000 ರೂಪಾಯಿ ಬೇರೆ ತೆಗೆದಿಟ್ಟಿದ್ದೆ.

ಸೈಕಲ್ ಮನೆಗೆ ಬಂದ ಕೂಡಲೇ ಸಲಹೆಗಳು ಶುರುವಾದವು. ಹೆಚ್ಚಿನವರು ಹೇಳಿದ್ದು ಒಂದೇ: ಮೊದಲು ಫೋರ್ಕ್ ಬದಲಿಸು, ಸ್ಪ್ರಿಂಗ್ ತೆಗೆದು ಗಾಳಿಯದು ಹಾಕಿಸು. ಇನ್ನು ಕೆಲವರು ಹಿಂದಿನ ಗೇರ್ ಸೆಟ್ ಎಂದರು. ಬೇರೆ ಮಾತಾಡಿದವರು ಶಹಾಪುರದಲ್ಲಿ ಸೈಕಲ್ ರಿಪೇರಿ ಮಾಡುವ ಕಾಕಾ ಒಬ್ಬರೇ. "ಈಗ ಏನೂ ಬಿಚ್ಚಬೇಡ ತಂಗಿ. ಒಂದು ಮಳೆ ಓಡಿಸು. ಎಲ್ಲಿ ಕಾಡುತ್ತದೋ ಅಲ್ಲಿ ದುಡ್ಡು ಹಾಕು" ಎಂದರು. ನನಗೆ ಆ ಮಾತು ಹಿಡಿಸಿತು. ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ತಪಾಸಣೆಯ ಕೆಲಸ ನನ್ನದು. ದೋಷ ಎಲ್ಲಿದೆ ಎಂದು ಗೊತ್ತಾಗುವ ಮೊದಲು ಪುರ್ಜೆ ಬದಲಿಸುವುದನ್ನು ನಾವು ಅಲ್ಲಿ ಒಪ್ಪುವುದಿಲ್ಲ. ಮನೆಯ ಸೈಕಲ್ಲಿಗೂ ಅದೇ ನಿಯಮ ಇರಲಿ ಎಂದುಕೊಂಡೆ.

ಮೃಗಶಿರಾ ಮಳೆ ಹಿಡಿದ ಮೇಲೆ ಬಿಡುವು ಸಿಕ್ಕಾಗಲೆಲ್ಲ ಹೊರಟೆ. ತಿಲಕವಾಡಿಯಿಂದ ಯಳ್ಳೂರಿನ ಗದ್ದೆಗಳ ಬದಿಗೆ, ಅಲ್ಲಿಂದ ರಾಜಹಂಸಗಡದ ಏರಿಗೆ. ಇನ್ನೊಮ್ಮೆ ಹಿಂಡಲಗಾ ದಾಟಿ ರಾಕಸಕೊಪ್ಪದ ಜಲಾಶಯದ ಕಡೆ. ಪೀರನವಾಡಿಯಿಂದ ಜಾಂಬೋಟಿ ರಸ್ತೆ ಹಿಡಿದು ಪಕ್ಕದ ಮಣ್ಣುದಾರಿಗಳಿಗೂ ಇಳಿದೆ. ಅತ್ತ ಹೋಗುವವರಿಗೆ ಒಂದು ಮಾತು: ಜಾಂಬೋಟಿಯಿಂದ ಆಚೆ ಭೀಮಗಡ ವನ್ಯಜೀವಿ ಧಾಮದ ಕಾಡು ಶುರುವಾಗುತ್ತದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನ ಒಳದಾರಿಗೆ ಸೈಕಲ್ ಇಳಿಸಬೇಡಿ.

ಪ್ರತಿ ಸವಾರಿಯಿಂದ ಬಂದ ಮೇಲೆ ಏನು ಕಾಡಿತು ಎಂದು ಒಂದು ಹಳೆಯ ಡೈರಿಯಲ್ಲಿ ಬರೆದಿಟ್ಟೆ. ಜುಲೈ ಹೊತ್ತಿಗೆ ಆ ಪುಟಗಳನ್ನು ಓದಿದರೆ ಅದೇ ನಾಲ್ಕು ದೂರುಗಳು ಮರಳಿ ಮರಳಿ ಬರುತ್ತಿದ್ದವು. ಒದ್ದೆ ಜಂಬಿಟ್ಟಿಗೆಯ ಮೇಲೆ ಮುಂದಿನ ಚಕ್ರ ಜಾರುತ್ತದೆ. ಕೆಸರು ಮೆತ್ತಿದ ಶೂ ಪ್ಲಾಸ್ಟಿಕ್ ಪೆಡಲಿನಿಂದ ತಪ್ಪುತ್ತದೆ. ರಾಜಹಂಸಗಡದಿಂದ ಇಳಿಯುವಾಗ ಬ್ರೇಕ್ ಹಿಡಿದು ಹಿಡಿದು ಬೆರಳು ಸೋಲುತ್ತವೆ. ಕೈಹಿಡಿಕೆಯ ರಬ್ಬರು ಮಳೆಯಲ್ಲಿ ತಿರುಗುತ್ತದೆ. ಫೋರ್ಕಿನ ಬಗ್ಗೆ ಡೈರಿಯಲ್ಲಿ ಒಂದು ಸಾಲೂ ಇರಲಿಲ್ಲ. ಗೇರಿನ ಬಗ್ಗೆ ಒಂದು ಸಲ ಬರೆದಿದ್ದೆ. ಅದು ಹೊಸ ಕೇಬಲ್ ಎಳೆದುಕೊಂಡು ಸಡಿಲವಾದದ್ದು. ಕಾಕಾ ಸ್ಕ್ರೂ ತಿರುಗಿಸಿ ಎರಡು ನಿಮಿಷದಲ್ಲಿ ಸರಿ ಮಾಡಿದರು, ದುಡ್ಡು ಕೂಡ ತೆಗೆದುಕೊಳ್ಳಲಿಲ್ಲ.

ಅಂದರೆ ಸೈಕಲ್ ನೆಲವನ್ನು ಮುಟ್ಟುವ ಜಾಗ, ನಾನು ಸೈಕಲ್ಲನ್ನು ಮುಟ್ಟುವ ಜಾಗ, ನಿಲ್ಲಿಸುವ ಜಾಗ. ದುಡ್ಡು ಹೋಗಬೇಕಾದದ್ದು ಈ ಮೂರಕ್ಕೆ ಎಂಬುದು ಅಲ್ಲಿಗೆ ಖಚಿತವಾಯಿತು.

ಇನ್ನು ಕೊಳ್ಳುವ ಮುಂಚಿನ ಕೆಲಸ. ದಯವಿಟ್ಟು ಇದನ್ನು ಹಾರಿಸಬೇಡಿ. ನಿಮ್ಮ ಸೈಕಲ್ಲಿನ ಅಳತೆಗಳೆಲ್ಲ ಒಂದು ಹಾಳೆಯ ಮೇಲೆ ಇರಬೇಕು. ನಾನು ವರ್ನಿಯರ್ (ಮಿಲಿಮೀಟರಿನ ಅಂಶವನ್ನೂ ಅಳೆಯುವ ಸಾಧನ) ಹಿಡಿದು ಒಂದು ಮಧ್ಯಾಹ್ನ ಕುಳಿತೆ. ಟೈರಿನ ಪಕ್ಕೆಯಲ್ಲಿ 29 x 2.10 ಎಂಬುದರ ಹತ್ತಿರವೇ ಚಿಕ್ಕದಾಗಿ 54-622 ಎಂದಿರುತ್ತದೆ. ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ಮೇಲೆ ಟೈರ್ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 29 ಇಂಚಿಗೆ 622, ಇಪ್ಪತ್ತೇಳೂವರೆ ಇಂಚಿಗೆ 584, ಹಳೆಯ 26 ಇಂಚಿಗೆ 559. ಇಂಚಿನ ಲೆಕ್ಕ ನಂಬಬೇಡಿ, ಈ ಮೂರಂಕಿಯ ಸಂಖ್ಯೆಯನ್ನು ನಂಬಿ. ಹ್ಯಾಂಡಲ್ ನಡುವೆ 31.8 ಮಿ.ಮೀ., ಹಿಡಿಕೆ ಕೂರುವ ಕಡೆ 22.2. ಸೀಟಿನ ಕೊಳವೆ 27.2, ಬೇರೆ ಸೈಕಲ್ಲುಗಳಲ್ಲಿ 30.9 ಅಥವಾ 31.6 ಕೂಡ ಇರುತ್ತದೆ, ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಬ್ರೇಕಿನ ಡಿಸ್ಕು 160, ಆರು ಬೋಲ್ಟಿನದು. ಅದರ ಮೇಲೆ ಸಣ್ಣ ಅಕ್ಷರಗಳಲ್ಲಿ ರೆಸಿನ್ ಪ್ಯಾಡ್ (ಡಿಸ್ಕನ್ನು ಒತ್ತಿ ಹಿಡಿಯುವ, ರಾಳದಿಂದ ಮಾಡಿದ ತುಂಡು) ಮಾತ್ರ ಬಳಸಿ ಎಂದು ಕೆತ್ತಿತ್ತು. ಲೋಹದ ಪ್ಯಾಡು ಇಂಥ ಮೆದು ಡಿಸ್ಕನ್ನು ಬೇಗ ಸವೆಸುತ್ತದೆ. ವರ್ನಿಯರ್ ಇಲ್ಲದವರು ಪರಿಚಯದ ಯಾವುದಾದರೂ ವರ್ಕ್‌ಶಾಪಿಗೆ ಸೈಕಲ್ ಒಯ್ಯಿರಿ. ಬೆಳಗಾವಿಯಲ್ಲಿ ಅದಕ್ಕೇನೂ ಬರವಿಲ್ಲ.

ಅಳತೆಯ ಹಾಳೆ ಮುಂದಿಟ್ಟುಕೊಂಡಾಗಲೇ ಫೋರ್ಕಿನ ಪ್ರಶ್ನೆಗೂ ಉತ್ತರ ಸಿಕ್ಕಿತು. ನನ್ನ ಫೋರ್ಕಿನ ಮೇಲಿನ ಕೊಳವೆ ಉದ್ದಕ್ಕೂ 28.6 ಮಿ.ಮೀ., ನೇರವಾದದ್ದು. ಈಗ ಬರುವ ಒಳ್ಳೆಯ ಏರ್ ಫೋರ್ಕುಗಳಲ್ಲಿ ಹೆಚ್ಚಿನವು ಕೆಳಗೆ ಒಂದೂವರೆ ಇಂಚಿಗೆ ಅಗಲವಾಗುತ್ತವೆ. ಅವು ನನ್ನ ಫ್ರೇಮಿನಲ್ಲಿ ಕೂರುವುದೇ ಇಲ್ಲ. ನನ್ನ ಚಕ್ರದ ಅಚ್ಚು ತೆಳುವಾದ 9 ಮಿ.ಮೀ. ಕ್ವಿಕ್ ರಿಲೀಸ್ (ಲಿವರ್ ತಿರುಗಿಸಿ ಬಿಚ್ಚುವಂಥದು); ಅವು ಕೇಳುವುದು 15 ಮಿ.ಮೀ. ಅಚ್ಚು. ಅಂದರೆ ಚಕ್ರದ ನಡುವಿನ ಹಬ್ ಬದಲಾಗಬೇಕು, ಅದರ ಹಿಂದೆ ಚಕ್ರವೂ ಬದಲಾಗಬೇಕು. ಫೋರ್ಕ್ ಒಂದೇ ನನ್ನ ಬಜೆಟ್ಟನ್ನು ನುಂಗುತ್ತಿತ್ತು, ಚಕ್ರ ಸೇರಿದರೆ ಸೈಕಲ್ಲಿನ ಅರ್ಧ ಬೆಲೆಗೂ ಮೀರುತ್ತಿತ್ತು. ಒಳ್ಳೆಯ ಫೋರ್ಕ್ ಬೇಕೇ ಬೇಕು ಎನ್ನುವವರು ಅದು ಇರುವ ಸೈಕಲ್ಲನ್ನೇ ಕೊಳ್ಳುವುದು ಲೇಸು. ಈ ಮಾತನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಮೊದಲು ಬದಲಿಸಿದ್ದು ಪೆಡಲ್ ಮತ್ತು ಹಿಡಿಕೆ. ಕಡಿಮೆ ಖರ್ಚು, ಕಡಿಮೆ ಗೊಂದಲ. ಪೆಡಲಿನ ಮರೆ, ಅಂದರೆ ಸ್ಕ್ರೂವಿನ ಸುರುಳಿ ಗೆರೆ, ಮೌಂಟನ್ ಬೈಕುಗಳಲ್ಲಿ ಬಹುತೇಕ ಒಂದೇ ಅಳತೆ, 9/16 ಇಂಚು. ಅಗಲವಾದ ನೈಲಾನ್ ಪೆಡಲ್, ಮೇಲೆ ಸಣ್ಣ ಲೋಹದ ಮೊಳೆಗಳು, 1,600 ರೂಪಾಯಿ. ಬಿಚ್ಚುವಾಗ ನೆನಪಿರಲಿ, ಎಡಗಡೆಯ ಪೆಡಲಿನ ಮರೆ ಉಲ್ಟಾ. ಬಲಕ್ಕೆ ತಿರುಗಿಸಿದರೆ ಅದು ಸಡಿಲವಾಗುತ್ತದೆ. ಕಾರ್ಖಾನೆಯಲ್ಲಿ ಗ್ರೀಸ್ ಸವರದೆ ಬಿಗಿದಿದ್ದರಿಂದ ನನ್ನದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕಾಕಾ 15 ನಂಬರಿನ ಉದ್ದ ಪಾನಾ ತಂದು, ಚಕ್ರಕ್ಕೆ ಕಾಲು ಒತ್ತಿ ಹಿಡಿದು, ಒಂದೇ ಝಟಕಾಕ್ಕೆ ಬಿಡಿಸಿದರು. ಹೊಸದನ್ನು ಹಾಕುವಾಗ ಮರೆಗೆ ಬೆರಳಿನಿಂದ ಗ್ರೀಸ್ ಸವರಿದರು. ಆ ಮೊಳೆಗಳು ಶೂ ಹಿಡಿದಷ್ಟೇ ಚೆನ್ನಾಗಿ ಮೊಣಕಾಲಿನ ಕೆಳಗಿನ ಎಲುಬಿನ ಚರ್ಮವನ್ನೂ ಕೀಳುತ್ತವೆ. ಮೊದಮೊದಲು ಗಟ್ಟಿ ಬಟ್ಟೆಯ ಪ್ಯಾಂಟ್ ಹಾಕಿಕೊಳ್ಳಿ.

ಹಿಡಿಕೆಗಳು 750 ರೂಪಾಯಿ, ಎರಡು ತುದಿಗೆ ಅಲನ್ ಸ್ಕ್ರೂವಿನಿಂದ ಬಿಗಿಯುವಂಥವು. ಮಳೆಯಲ್ಲಿ ತಿರುಗುವ ಮಾತೇ ಇಲ್ಲ. ಈ ಎರಡು ಬದಲಾವಣೆಯ ನಂತರ ಜಾಂಬೋಟಿ ರಸ್ತೆಯ ಕಲ್ಲುದಾರಿಯಲ್ಲಿ ನಿಂತು ಪೆಡಲ್ ತುಳಿದಾಗ ಆದ ನಿರಾಳ ಹೇಳತೀರದು. ಕಾಲು ಎಲ್ಲಿ ತಪ್ಪೀತೋ ಎಂಬ ಅಳುಕು ಹೋದರೆ ಕಣ್ಣು ತಾನಾಗಿ ದಾರಿಯ ಮೇಲೆ ನೆಡುತ್ತದೆ.

ಟೈರಿನದು ದೊಡ್ಡ ಕಥೆ.

ನಮ್ಮ ಊರು ಎರಡು ಮಣ್ಣುಗಳ ನಡುವೆ ಕುಳಿತಿದೆ. ಪಶ್ಚಿಮಕ್ಕೆ ರಾಕಸಕೊಪ್ಪ, ಜಾಂಬೋಟಿಯ ಕಡೆ ಹೋದರೆ ಕೆಂಪು ಜಂಬಿಟ್ಟಿಗೆ, ಅದರ ಮೇಲೆ ಮಳೆಗಾಲದಲ್ಲಿ ಹಾವಸೆ, ಒದ್ದೆ ಬೇರು. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಯ ಕಡೆ ಎರೆಮಣ್ಣು. ಎರೆಮಣ್ಣು ಒದ್ದೆಯಾದರೆ ಹಿಟ್ಟಿನ ಮುದ್ದೆಯ ಹಾಗೆ ಟೈರಿಗೆ ಸುತ್ತಿಕೊಂಡು ಫ್ರೇಮಿನ ಸಂದಿನಲ್ಲಿ ಜಾಮ್ ಆಗುತ್ತದೆ, ಚಕ್ರ ನಿಂತೇ ಬಿಡುತ್ತದೆ. ಅಂಗಡಿಯಲ್ಲಿ ಒಳ್ಳೆಯ ಟೈರ್ ಯಾವುದು ಎಂದು ಕೇಳುವ ಮೊದಲು ನೀವು ಯಾವ ದಿಕ್ಕಿಗೆ ಹೆಚ್ಚು ಹೋಗುತ್ತೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಜಂಬಿಟ್ಟಿಗೆಗೆ ಮೆದು ರಬ್ಬರು, ಅಂಚಿನಲ್ಲಿ ಗಟ್ಟಿ ಗುಬ್ಬಿಗಳು (ಟೈರಿನ ಮೇಲಿನ ರಬ್ಬರಿನ ಉಬ್ಬುಗಳು) ಬೇಕು. ಎರೆಮಣ್ಣಿಗೆ ಗುಬ್ಬಿಗಳ ನಡುವೆ ಅಗಲ ಸಂದು ಬೇಕು, ಟೈರ್ ಇನ್ನಷ್ಟು ಅಗಲ ಮಾಡುವ ಆಸೆ ಅಲ್ಲಿ ಬೇಡ. ನಾನು ಹೋಗುವುದು ಹೆಚ್ಚಾಗಿ ಪಶ್ಚಿಮಕ್ಕೆ. ಫ್ರೇಮಿನ ಸಂದು ಅಳೆದು ನೋಡಿ 2.25 ಇಂಚಿನದು, ಅಂದರೆ 57-622, ಸರಿಯೆಂದು ತೀರ್ಮಾನಿಸಿದೆ.

ನಾನು ವಿಚಾರಿಸಿದ ಊರಿನ ಅಂಗಡಿಗಳಲ್ಲಿ ಈ ಅಳತೆಯ ಒಳ್ಳೆಯ ಟೈರ್ ಇರಲಿಲ್ಲ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನಿಂದ ತರಿಸಿದೆ. ಪಾರ್ಸೆಲ್ ಬರಲು ಮಳೆಯ ನೆಪದಲ್ಲಿ ತಡವಾಯಿತು. ಬಂದಾಗ ಮೇಲಿನ ಸ್ಟಿಕ್ಕರಿನಲ್ಲಿ 29 ಎಂದೇ ಇತ್ತು, ಟೈರಿನ ಪಕ್ಕೆಯಲ್ಲಿ ಮಾತ್ರ 57-584. ಇಪ್ಪತ್ತೇಳೂವರೆ ಇಂಚಿನದು! ಹೊಟ್ಟೆ ಉರಿದುಹೋಯಿತು. ವಾಪಸ್ ತೆಗೆದುಕೊಳ್ಳಲು ಮೊದಲು ಒಪ್ಪಲಿಲ್ಲ. ಸ್ಟಿಕ್ಕರಿನಲ್ಲಿ ಸರಿಯಾಗಿಯೇ ಇದೆಯಲ್ಲ ಎಂಬ ಉತ್ತರ. ಪಾರ್ಸೆಲ್ ಬಿಚ್ಚುವಾಗಿನ ವಿಡಿಯೊ, ಪಕ್ಕೆಯ ಅಂಕಿಯ ಫೋಟೊ, ಬಿಲ್ಲಿನ ಪ್ರತಿ ಮೂರನ್ನೂ ಕಳುಹಿಸಿದ ಮೇಲೆಯೇ ಮಾತು ಮುಂದೆ ಹೋಯಿತು. ತೆಗೆದುಕೊಂಡು ಹೋಗುವ ಹುಡುಗ ಬರುವುದಕ್ಕೆ ಕಾಯಬೇಕು, ಹಣ ಮರಳುವುದಕ್ಕೆ ಇನ್ನೂ ಕಾಯಬೇಕು. ಪುನರ್ವಸು ಮಳೆ ಹೋಗಿ ಪುಷ್ಯ ಬಂದಿತ್ತು, ಸೈಕಲ್ ಮಾತ್ರ ಹಳೆಯ ಟೈರಿನಲ್ಲಿಯೇ ಇತ್ತು. ಅದಕ್ಕೇ ಹೇಳುವುದು: ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿ, ಪಕ್ಕೆಯ ಅಂಕಿ ಓದುವ ತನಕ ಟೈರಿನ ಕಟ್ಟು ಬಿಚ್ಚಬೇಡಿ, ರಿಮ್ಮಿಗೆ ಒಮ್ಮೆ ಏರಿಸಿದ ಟೈರನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡನೆಯ ಸಲ ಕಾಕಾನ ಮೂಲಕವೇ ಪುಣೆಯಿಂದ ತರಿಸಿದೆ. ಒಂದಕ್ಕೆ 2,600. ಆನ್‌ಲೈನಿಗಿಂತ ತುಸು ಹೆಚ್ಚು, ಆದರೆ ಹೊಂದದಿದ್ದರೆ ತಕರಾರು ಅವರ ಪಾಲಿಗೆ, ನನಗಲ್ಲ. ಮೊದಲು ತರಿಸಿದ್ದು ಒಂದೇ, ಅದೂ ಮುಂದಿನದು. ದುಡ್ಡು ಒಂದೇ ಟೈರಿಗೆ ಸಾಲುವಂತಿದ್ದರೆ ಅದನ್ನು ಮುಂದೆ ಹಾಕಿ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬೀಳುವುದೇ. ಹಿಂದಿನದನ್ನು ಆಮೇಲೆ, ಬ್ರೇಕಿನ ಜೊತೆ ತರಿಸಿದೆ.

ಟೈರ್ ಏರಿಸುವಾಗ ಕಾಕಾ ತೋರಿಸಿದ ಒಂದು ಸಂಗತಿ. ಪಕ್ಕೆಯ ಮೇಲೆ ತಿರುಗುವ ದಿಕ್ಕಿನ ಬಾಣ ಇರುತ್ತದೆ, ಮೊದಲು ಅದನ್ನು ನೋಡಬೇಕು. ಗಾಳಿ ತುಂಬುತ್ತಾ ಹೋದ ಹಾಗೆ ರಿಮ್ಮಿನ ಅಂಚಿನ ಮೇಲೆ ರಬ್ಬರಿನಲ್ಲಿ ಒಂದು ತೆಳು ಗೆರೆ ಸುತ್ತಲೂ ಕಾಣಿಸುತ್ತದೆ. ವಾಲ್ವಿನ ಹತ್ತಿರ ಆ ಗೆರೆ ಒಳಗೆ ಮುಳುಗಿತ್ತು. ಗಾಳಿ ಅರ್ಧ ಬಿಟ್ಟು, ಎರಡೂ ಹೆಬ್ಬೆರಳಿನಿಂದ ಅಲ್ಲಿ ಟೈರನ್ನು ಹೊರಕ್ಕೆ ಒತ್ತಿ, ಅಂಚಿಗೆ ಸ್ವಲ್ಪ ಸೋಪಿನ ನೀರು ಸವರಿ ಮತ್ತೆ ಗಾಳಿ ಹೊಡೆದರು. ಟಪ್ ಎಂದು ಕೂತಿತು. ಗೆರೆ ಸುತ್ತಲೂ ಸಮನಾಗಿ ಕಾಣುವ ತನಕ ಸವಾರಿಗೆ ಹೊರಡಬಾರದು.

ಗಾಳಿಯ ಒತ್ತಡ ಎಲ್ಲಕ್ಕಿಂತ ಅಗ್ಗದ ಬದಲಾವಣೆ. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನಷ್ಟು ಗಟ್ಟಿಯಾಗುವ ತನಕ ತುಂಬಿಬಿಡುತ್ತಾರೆ. ಒದ್ದೆ ಕಲ್ಲಿನ ಮೇಲೆ ಅಂಥ ಟೈರ್ ಪುಟಿಯುತ್ತದೆಯೇ ಹೊರತು ಹಿಡಿಯುವುದಿಲ್ಲ. ನನ್ನ ತೂಕ 62 ಕಿಲೊ. ಮುಂದೆ 26, ಹಿಂದೆ 29 ಪಿಎಸ್ಐ ಇಟ್ಟು ಓಡಿಸುತ್ತಿದ್ದೇನೆ. ತೂಕ ಹೆಚ್ಚಿದ್ದವರು ಏರಿಸಬೇಕು. ಟ್ಯೂಬ್ ಇರುವಾಗ ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಎರಡು ತೂತು ಬೀಳುತ್ತವೆ. ಮೀಟರ್ ಇರುವ ಪಂಪ್ ಒಂದು ಮನೆಯಲ್ಲಿರಲಿ. ಟ್ಯೂಬ್ ತೆಗೆದು ಒಳಗೆ ಸೀಲಂಟ್ (ತೂತು ಮುಚ್ಚುವ ದ್ರವ) ಹಾಕುವ ವಿಧಾನಕ್ಕೆ ನಾನು ಹೋಗಲಿಲ್ಲ, ನನ್ನ ರಿಮ್ಮು ಅದಕ್ಕೆ ಮಾಡಿದ್ದಲ್ಲ. ಪೂರ್ವದ ಕಡೆ ಜಾಲಿಮುಳ್ಳಿನ ಬದುಗಳಲ್ಲಿ ಓಡಾಡುವವರು ಮಾತ್ರ ಅದನ್ನು ಬೇಗ ಯೋಚಿಸುವುದು ಒಳ್ಳೆಯದು.

ಬ್ರೇಕಿಗೆ ಬಂದಾಗ ಕಾಕಾ ಮತ್ತೆ ತಡೆದರು. ಮೊದಲು 350 ರೂಪಾಯಿಯಲ್ಲಿ ಒಳ್ಳೆಯ ಕೇಬಲ್ ಮತ್ತು ಹೊರಕವಚ ಹಾಕಿ, ಪ್ಯಾಡುಗಳನ್ನು ಡಿಸ್ಕಿಗೆ ಸಮನಾಗಿ ಕೂರಿಸಿ ಕೊಟ್ಟರು. ವ್ಯತ್ಯಾಸ ದೊಡ್ಡದೇ. ಊರೊಳಗೆ, ಸಪಾಟು ದಾರಿಯಲ್ಲಿ ಓಡಿಸುವವರಿಗೆ ಇಷ್ಟೇ ಸಾಕು, ಮುಂದಿನ ಖರ್ಚು ಬೇಕಿಲ್ಲ. ನನಗೆ ಮಾತ್ರ ಗಡದ ಇಳಿಜಾರಿನಲ್ಲಿ ಬೆರಳು ಸೋಲುವುದು ನಿಲ್ಲಲಿಲ್ಲ. ಕೇಬಲ್ಲಿನ ಬದಲು ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕೇ ಆಗಲಿ ಎಂದು ಶಿಮಾನೊದ ಎಂಟಿ200 ಆರಿಸಿದೆ. ಮುಂದು ಹಿಂದು ಸೇರಿ 5,900. ರೆಸಿನ್ ಪ್ಯಾಡಿನದೇ ಆದ್ದರಿಂದ ಹಳೆಯ ಡಿಸ್ಕುಗಳು ಉಳಿದವು.

ಇಲ್ಲೊಂದು ಅಡ್ಡಿ ಎದುರಾಯಿತು. ಯಾರೂ ಅದನ್ನು ಮೊದಲು ಹೇಳಿರಲಿಲ್ಲ. ಈ ಬೆಲೆಯ ಸೈಕಲ್ಲುಗಳಲ್ಲಿ ಬ್ರೇಕಿನ ಲಿವರ್ ಮತ್ತು ಗೇರ್ ಬದಲಿಸುವ ಗುಂಡಿ ಹಲವು ಸಲ ಒಂದೇ ಬಿಡಿಭಾಗವಾಗಿ ಕೂಡಿಕೊಂಡಿರುತ್ತವೆ. ಬ್ರೇಕ್ ಲಿವರ್ ತೆಗೆದರೆ ಗೇರಿನ ಶಿಫ್ಟರೂ ಹೋಗುತ್ತದೆ. ಬಿಡಿಯಾಗಿ ಆಲ್ಟಸ್ ಶ್ರೇಣಿಯ ಎಂಟು ಸ್ಪೀಡಿನ ಶಿಫ್ಟರ್ ಜೋಡಿ ಕೊಳ್ಳಬೇಕಾಯಿತು, 2,100 ರೂಪಾಯಿ. ಅದಕ್ಕಾಗಿ ಮತ್ತೆ ಕಾಯಬೇಕಾಯಿತು. ಬ್ರೇಕ್ ಪೆಟ್ಟಿಗೆ ಮನೆಯ ಕಪಾಟಿನಲ್ಲಿ, ಸೈಕಲ್ ಹಾಗೆಯೇ. ಹ್ಯಾಂಡಲ್ ಮೇಲೆ ಒಮ್ಮೆ ಬಗ್ಗಿ ನೋಡಿ: ಎರಡಕ್ಕೂ ಬೇರೆ ಬೇರೆ ಪಟ್ಟಿ ಇದ್ದರೆ ನಿಮಗೆ ಈ ಖರ್ಚಿಲ್ಲ. ಇನ್ನೊಂದು ವಿಷಯ ಕಾಕಾ ಆರ್ಡರ್ ಕೊಡುವಾಗಲೇ ಎಚ್ಚರಿಸಿದರು. ನನ್ನ ಸೈಕಲ್ಲಿನಲ್ಲಿ ಮುಂದಿನ ಬ್ರೇಕು ಬಲಗೈಗೆ. ಎಣ್ಣೆ ತುಂಬಿ ಬರುವ ಕೆಲವು ಸೆಟ್ಟುಗಳಲ್ಲಿ ಮುಂದಿನ ಗಿಡ್ಡ ನಳಿಗೆ ಎಡಗೈ ಲಿವರಿಗೆ ಸೇರಿಸಿರುತ್ತಾರೆ. ಅದನ್ನು ಅದಲುಬದಲು ಮಾಡಲು ನಳಿಗೆ ಬಿಚ್ಚಿ ಎಣ್ಣೆ ಹೊಸದಾಗಿ ತುಂಬಿ ಗಾಳಿ ತೆಗೆಯಬೇಕು. ಆರ್ಡರಿನಲ್ಲಿ ಬಲಗೈ ಮುಂದಿನ ಬ್ರೇಕ್ ಎಂದು ಸ್ಪಷ್ಟವಾಗಿ ಬರೆಸಿ.

ಎಣ್ಣೆಯ ಬಗ್ಗೆ ಒಂದು ಮಾತು, ಏಕೆಂದರೆ ಇದರಲ್ಲಿ ಬ್ರೇಕೇ ಹಾಳಾಗಬಹುದು. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್ ಬೇಕು. ಮೋಟಾರ್ ಸೈಕಲ್ಲಿನ ಡಿಸ್ಕ್ ಬ್ರೇಕಿಗೆ ಹಾಕುವ ಡಾಟ್ ಎಣ್ಣೆ ಇದಕ್ಕೆ ಹೋದರೆ ಒಳಗಿನ ಸೀಲುಗಳು ಉಬ್ಬಿ ಕೆಡುತ್ತವೆ. ಗ್ಯಾರೇಜಿನವರಿಂದ ಕೆಲಸ ಮಾಡಿಸುವವರು ಎಣ್ಣೆಯ ಬಾಟಲಿಯ ಹೆಸರನ್ನು ನೀವೇ ಓದಿ ಕೊಡಿ.

ಜೋಡಣೆಗೆ 600 ರೂಪಾಯಿ. ಹೊಸ ಪ್ಯಾಡ್ ಮೊದಲ ದಿನ ಸರಿಯಾಗಿ ಹಿಡಿಯುವುದಿಲ್ಲ, ಗಾಬರಿಯಾಗಬೇಡಿ. ರಜೆಯ ದಿನ ಬೆಳಿಗ್ಗೆ ಉದ್ಯಮಬಾಗದ ಖಾಲಿ ರಸ್ತೆಗೆ ಹೋಗಿ, ವೇಗ ಪಡೆದು, ಪೂರ್ತಿ ನಿಲ್ಲಿಸದೆ ನಡಿಗೆಯ ವೇಗಕ್ಕೆ ಇಳಿಸುವುದನ್ನು ಸುಮಾರು ಇಪ್ಪತ್ತು ಸಲ ಮಾಡಬೇಕು, ಮುಂದಿನದಕ್ಕೂ ಹಿಂದಿನದಕ್ಕೂ. ಮಾಡುತ್ತಾ ಹೋದ ಹಾಗೆ ಹಿಡಿತ ಗಟ್ಟಿಯಾಗುವುದು ಬೆರಳಿಗೇ ತಿಳಿಯುತ್ತದೆ. ಆಮೇಲೆ ರಾಜಹಂಸಗಡದಿಂದ ಒಂದೊಂದೇ ಬೆರಳಿನಲ್ಲಿ ಇಳಿದು ಬಂದೆ. ಇಷ್ಟು ದಿನದ ಅಲೆದಾಟಕ್ಕೆ ಅಲ್ಲಿಯೇ ಬೆಲೆ ಸಿಕ್ಕಿತು. ಚೈನಿಗೆ ಎಣ್ಣೆ ಬಿಡುವಾಗ ಸ್ಪ್ರೇ ಮಾತ್ರ ಬೇಡ, ಒಂದು ಹನಿ ಡಿಸ್ಕಿಗೆ ತಾಗಿದರೂ ಬ್ರೇಕ್ ಕಿರುಚುತ್ತದೆ, ಹಿಡಿತವೂ ಹೋಗುತ್ತದೆ. ಮಳೆಗಾಲದ ಕೆಸರಿನಲ್ಲಿ ರೆಸಿನ್ ಪ್ಯಾಡು ಬೇಗ ಸವೆಯುತ್ತದೆ. ದಪ್ಪ 1 ಮಿ.ಮೀ.ಗೆ ಇಳಿಯುವ ಮೊದಲೇ ಹೊಸದನ್ನು ತರಿಸಿಡಿ, ಊರಿನಲ್ಲಿ ಕೇಳಿದ ದಿನವೇ ಸಿಗುವುದಿಲ್ಲ.

ಒಟ್ಟು ಖರ್ಚು 16,500 ರೂಪಾಯಿ. ತೆಗೆದಿಟ್ಟದ್ದಕ್ಕಿಂತ ಹೆಚ್ಚಾದದ್ದು ಶಿಫ್ಟರಿನಿಂದ. 15,000 ಇಲ್ಲದವರು ಹೆದರಬೇಕಿಲ್ಲ: ಪೆಡಲ್, ಹಿಡಿಕೆ, ಮುಂದಿನ ಒಂದು ಟೈರ್, ಬ್ರೇಕಿನ ಕೇಬಲ್ ಇಷ್ಟಕ್ಕೆ ನನಗಾದದ್ದು 5,300. ಸುಖದ ಮುಕ್ಕಾಲು ಪಾಲು ಅಷ್ಟರಲ್ಲಿಯೇ ಬಂದಿತ್ತು ಎಂದು ಧೈರ್ಯವಾಗಿ ಹೇಳಬಲ್ಲೆ. ಕೊಂಡ ಅಂಗಡಿಯಲ್ಲಿ ವಾರಂಟಿಯ ಷರತ್ತು ಕೇಳಿಕೊಂಡೇ ಬಿಚ್ಚಿಸಿ, ತೆಗೆದ ಭಾಗಗಳನ್ನೂ ಬಿಲ್ಲುಗಳನ್ನೂ ಒಂದು ಪೆಟ್ಟಿಗೆಯಲ್ಲಿ ಹಾಕಿಡಿ.

ಸೀಟನ್ನು ಇನ್ನೂ ಬದಲಿಸಿಲ್ಲ. ಎತ್ತರ ಸರಿ ಮಾಡಿ, ಮೂತಿಯನ್ನು ತುಸು ಕೆಳಗೆ ಬಾಗಿಸಿದ ಮೇಲೆ ಅರ್ಧ ನೋವು ಕಡಿಮೆಯಾಗಿದೆ, ಅದಕ್ಕೆ ಕಾಸೂ ಖರ್ಚಾಗಲಿಲ್ಲ. ಉಳಿದ ಅರ್ಧಕ್ಕೆ ಅಗಲವಾದ ಸೀಟು ಬೇಕೇ ಎಂಬುದನ್ನು ಮಳೆ ಬಿಟ್ಟ ಮೇಲೆ ಕಣಕುಂಬಿಯ ತನಕ ಒಮ್ಮೆ ಹೋಗಿ ಬಂದು ತೀರ್ಮಾನಿಸುತ್ತೇನೆ.